ಆಪ್ ಡಿಸೈನರ್‌ಗೆ ಟಾಕ್‌ಬ್ಯಾಕ್: ಐದು ವರ್ಷ ಬಳಸಿದ ಮೇಲೆ

ಟಾಕ್‌ಬ್ಯಾಕ್ ಅಂದರೇನು, ಎಲ್ಲಿ ಸಿಗುತ್ತದೆ ಅನ್ನುವುದೆಲ್ಲ ಗೊತ್ತಿರುವ ವಿಷಯ. 2009ರಿಂದ ಆಂಡ್ರಾಯ್ಡ್ ಜೊತೆಗಿರುವ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಧನ, ಉಚಿತ, ಬಹಳಷ್ಟು ಫೋನ್‌ಗಳಲ್ಲಿ ಮೊದಲೇ ಇರುತ್ತದೆ. ಕಣ್ಣು ಕಾಣದವರು ದಿನವಿಡೀ ಬಳಸುವ ಸಾಧನ ಇದು. ಅವರ ಅನುಭವವನ್ನು ಅವರೇ ಬರೆಯಬೇಕು. ಇಲ್ಲಿ ಬರೆಯುತ್ತಿರುವುದು ಇನ್ನೊಂದು ಉಪಯೋಗದ ಬಗ್ಗೆ: ಆಪ್ ಡಿಸೈನ್ ಮಾಡುವವರು ತಮ್ಮ ಕೆಲಸ ಸರಿಯಿದೆಯೇ ಎಂದು ನೋಡಿಕೊಳ್ಳಲು ಇದನ್ನು ಬಳಸಿದರೆ ಏನು ಸಿಗುತ್ತದೆ, ಎಲ್ಲಿ ಸಾಲದೆ ಬರುತ್ತದೆ.

ಮೊದಲ ವಾರ ಸಿಟ್ಟು ಬರುವುದು ಖಂಡಿತ. ಆನ್ ಮಾಡಿದ ಕ್ಷಣದಿಂದ ಫೋನ್ ಬೇರೆಯವರದ್ದು ಅನ್ನಿಸುತ್ತದೆ. ಒಂದು ಬೆರಳಲ್ಲಿ ಮುಟ್ಟಿದರೆ ತೆರೆಯುವುದಿಲ್ಲ, ಬರೀ ಓದುತ್ತದೆ. ತೆರೆಯಲು ಎರಡು ಸಲ ತಟ್ಟಬೇಕು. ಸ್ಕ್ರೋಲ್ ಮಾಡಲು ಎರಡು ಬೆರಳು ಬೇಕು. ಬಲಕ್ಕೆ ಸವರಿದರೆ ಮುಂದಿನ ಅಂಶ, ಎಡಕ್ಕೆ ಸವರಿದರೆ ಹಿಂದಿನದು. ಅದಕ್ಕೇ ಮೊದಲು ಕಲಿಯಬೇಕಾದ್ದು ಆಫ್ ಮಾಡುವುದನ್ನು. ವಾಲ್ಯೂಮ್‌ನ ಎರಡೂ ಕೀಗಳನ್ನು ಒಟ್ಟಿಗೆ ಒತ್ತಿ ಮೂರು ಸೆಕೆಂಡ್ ಹಿಡಿದರೆ ಆನ್ ಅಥವಾ ಆಫ್ ಆಗುವಂತೆ ಶಾರ್ಟ್‌ಕಟ್ ಇಟ್ಟುಕೊಳ್ಳಿ. ಈ ಒಂದು ಶಾರ್ಟ್‌ಕಟ್ ಇಲ್ಲದ ಕಾರಣಕ್ಕೇ ಎಷ್ಟೋ ಡಿಸೈನರ್‌ಗಳು ಮೊದಲ ದಿನವೇ ಬಿಟ್ಟುಬಿಡುತ್ತಾರೆ. 2021ರ 9.1 ಆವೃತ್ತಿಯಲ್ಲಿ ಹಲವು ಬೆರಳಿನ ಸನ್ನೆಗಳು ಬಂದ ಮೇಲೆ ಕಷ್ಟ ಎಷ್ಟೋ ಕಡಿಮೆಯಾಗಿದೆ: ಮೂರು ಬೆರಳಿನಿಂದ ಒಮ್ಮೆ ತಟ್ಟಿದರೆ ಮೆನು ತೆರೆಯುತ್ತದೆ. ಹಳೆಯ ಫೋನ್‌ಗಳಲ್ಲಿ ಕೆಳಕ್ಕೆ ಸವರಿ, ಬೆರಳೆತ್ತದೆ ಬಲಕ್ಕೆ ತಿರುಗಿಸುವ ಹಳೆಯ ಸನ್ನೆಯೇ ಗತಿ.

ಸೆಟ್ಟಿಂಗ್‌ನಲ್ಲಿ ಎರಡು ಬದಲಾವಣೆ ಮಾಡಿಕೊಂಡರೆ ಇದು ಡಿಸೈನರ್‌ನ ಸಾಧನ ಆಗುತ್ತದೆ. ಒಂದು, ಟಾಕ್‌ಬ್ಯಾಕ್‌ನ ಡೆವಲಪರ್ ಸೆಟ್ಟಿಂಗ್ಸ್ ಒಳಗೆ ಮಾತನ್ನು ಪರದೆಯ ಮೇಲೆ ಅಕ್ಷರದಲ್ಲಿ ತೋರಿಸುವ ಆಯ್ಕೆ. ಆಗ ಸ್ಕ್ರೀನ್‌ಶಾಟ್ ತೆಗೆದರೆ ಟಾಕ್‌ಬ್ಯಾಕ್ ಏನು ಹೇಳಿತು ಅನ್ನುವುದೂ ಅದರಲ್ಲೇ ಬರುತ್ತದೆ. ಡೆವಲಪರ್‌ಗೆ ಬಗ್ ಕಳಿಸುವಾಗ ಬೇರೆ ವಿವರಣೆ ಬೇಕಾಗುವುದಿಲ್ಲ. ಇನ್ನೊಂದು, ಮೆನುವಿನಲ್ಲಿರುವ ಪರದೆ ಮರೆಮಾಡುವ ಆಯ್ಕೆ. ಇದನ್ನು ಒತ್ತಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ, ಫೋನ್ ಮಾತ್ರ ಕೆಲಸ ಮಾಡುತ್ತಲೇ ಇರುತ್ತದೆ. ಆಪ್‌ನ ಹೊಸ ಬಿಲ್ಡ್ (ಪರೀಕ್ಷೆಗೆ ಸಿದ್ಧವಾದ ಆವೃತ್ತಿ) ಬಂದಾಗಲೆಲ್ಲ ನನ್ನ ಕ್ರಮ ಇಷ್ಟೇ: ಒಂದು ಕಿವಿಗೆ ಇಯರ್‌ಫೋನ್, ಪರದೆ ಕಪ್ಪು, ಮಾಡಬೇಕಾದ ಒಂದೇ ಒಂದು ಕೆಲಸ ಕಾಗದದ ಮೇಲೆ. "ನಾಳೆಯ ಅಪಾಯಿಂಟ್‌ಮೆಂಟ್ ರದ್ದು ಮಾಡು" ಅನ್ನುವಷ್ಟು ಚಿಕ್ಕದು. ಎಷ್ಟು ಸಲ ಸವರಬೇಕಾಯಿತು ಎಂದು ಪಕ್ಕದಲ್ಲಿ ಗೆರೆ ಹಾಕುತ್ತಾ ಹೋಗುವುದು. ಇಪ್ಪತ್ತು ನಿಮಿಷ ಸಾಕು.

ನಾನು ಎದುರು ನೋಡಿರದ ಲಾಭ ಸಿಕ್ಕಿದ್ದು ಈ ಗೆರೆಗಳಿಂದಲೇ. ಕಣ್ಣು ಇಡೀ ಪರದೆಯನ್ನು ಒಟ್ಟಿಗೆ ನೋಡಿಬಿಡುತ್ತದೆ, ಅಲ್ಲಿರುವ ಗೊಂದಲವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಕಿವಿಗೆ ಆ ಸೌಲಭ್ಯ ಇಲ್ಲ. ಒಂದಾದ ಮೇಲೆ ಒಂದು, ಸಾಲಾಗಿಯೇ ಬರಬೇಕು. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಅನ್ನುವುದನ್ನು ಡಿಸೈನರ್ ತೀರ್ಮಾನಿಸಿಲ್ಲದಿದ್ದರೆ ಅದು ಇಲ್ಲಿ ನೇರವಾಗಿ ಕೇಳಿಸುತ್ತದೆ. ಒಂದು ಪಟ್ಟಿಯನ್ನೇ ತೆಗೆದುಕೊಳ್ಳಿ. ಪ್ರತಿ ಸಾಲಿನಲ್ಲಿ ಫೋಟೊ, ಹೆಸರು, ದಿನಾಂಕ, ಸ್ಥಿತಿ, ಮೂರು ಚುಕ್ಕಿಯ ಮೆನು: ಐದು ಅಂಶ. ಇಪ್ಪತ್ತು ಸಾಲು ದಾಟಲು ನೂರು ಸಲ ಸವರಬೇಕು. ಅದೇ ಸಾಲನ್ನು ಒಂದೇ ಘಟಕವಾಗಿ ಸೇರಿಸಿ, ಕಂಪೋಸ್‌ನಲ್ಲಾದರೆ (ಆಂಡ್ರಾಯ್ಡ್ ಪರದೆಗಳನ್ನು ಕಟ್ಟುವ ಟೂಲ್‌ಕಿಟ್) ಒಳಗಿನ ಅಂಶಗಳನ್ನು ಒಂದಾಗಿಸುವ ಮರ್ಜ್ ಡಿಸೆಂಡೆಂಟ್ಸ್ ಹಾಕಿ, ಮೆನುವಿನಲ್ಲಿದ್ದ ಕೆಲಸಗಳನ್ನು ಟಾಕ್‌ಬ್ಯಾಕ್ ಮೆನುವಿನಿಂದಲೇ ಸಿಗುವ ಕಸ್ಟಮ್ ಆ್ಯಕ್ಷನ್ ಆಗಿ ಕೊಟ್ಟರೆ ಇಪ್ಪತ್ತೇ ಸಲ. ಸೇರಿಸುವಾಗ ಯಾವ ಕ್ರಮದಲ್ಲಿ ಓದಬೇಕು ಎಂದು ಯೋಚಿಸಲೇಬೇಕಾಗುತ್ತದೆ. ಹೆಸರು ಮೊದಲೋ, ಸ್ಥಿತಿ ಮೊದಲೋ? ಜನ ಆ ಪಟ್ಟಿ ತೆರೆಯುವುದೇ ಸ್ಥಿತಿ ನೋಡಲಿಕ್ಕಾದರೆ ಅದೇ ಮೊದಲು ಬರಬೇಕು, ಕಣ್ಣಿಗೂ ಕಿವಿಗೂ. ಹೀಗೆ ಕಿವಿಗಾಗಿ ಮಾಡಿದ ಬದಲಾವಣೆ ಕೊನೆಗೆ ಕಾಣುವ ಲೇಔಟನ್ನೂ ಬದಲಿಸಿದ್ದು ಎಷ್ಟೋ ಸಲ.

ಲೇಬಲ್ ಇಲ್ಲದ ಬಟನ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲರೂ ಬರೆದಿದ್ದಾರೆ. ಕಂಟೆಂಟ್ ಡಿಸ್ಕ್ರಿಪ್ಶನ್‌ನಲ್ಲಿ, ಅಂದರೆ ಟಾಕ್‌ಬ್ಯಾಕ್ ಓದಲೆಂದು ಬರೆದಿಡುವ ವಿವರಣೆಯಲ್ಲಿ, "ಹುಡುಕಿ" ಎಂದಷ್ಟೇ ಬರೆಯಿರಿ, "ಹುಡುಕು ಬಟನ್" ಅಲ್ಲ. ಬಟನ್ ಅನ್ನುವುದನ್ನು ಟಾಕ್‌ಬ್ಯಾಕ್ ತಾನೇ ಸೇರಿಸುತ್ತದೆ. ಬರೀ ಅಲಂಕಾರದ ಚಿತ್ರಕ್ಕೆ ವಿವರಣೆ ಕೊಡಬೇಡಿ, ಅದನ್ನು ಓದದೆ ದಾಟಿಸುವಂತೆ ಮಾಡಿ. ವಿಭಾಗದ ಶೀರ್ಷಿಕೆಗಳನ್ನು ಹೆಡಿಂಗ್ ಎಂದು ಗುರುತಿಸಿ. ಇಲ್ಲವಾದರೆ ಹೆಡಿಂಗಿನಿಂದ ಹೆಡಿಂಗಿಗೆ ಹಾರುವ ದಾರಿಯೇ ಮುಚ್ಚಿಹೋಗುತ್ತದೆ.

ಬೇಸರ ತರಿಸುವುದು ಒಟಿಪಿ ಪರದೆ. ಇದರಲ್ಲಿ ಟಾಕ್‌ಬ್ಯಾಕಿನ ತಪ್ಪೇನೂ ಇಲ್ಲ. ಡಿಸೈನ್ ಮಾಡುವ ನಮ್ಮದೇ ಅಭ್ಯಾಸದ ತಪ್ಪು. ಆರು ಚೌಕ ಸಾಲಾಗಿ ಜೋಡಿಸಿದರೆ ಚೆಂದ ಕಾಣುತ್ತದೆ ಎಂದು ಆರು ಬೇರೆ ಬೇರೆ ಎಡಿಟ್ ಬಾಕ್ಸ್ (ಟೈಪ್ ಮಾಡುವ ಖಾನೆ) ಇಟ್ಟುಬಿಡುತ್ತೇವೆ, ಒಂದೊಂದಕ್ಕೂ ಒಂದೇ ಅಂಕಿಯ ಮಿತಿ. ಕಿವಿಗೆ ಅದು ಹೇಗೆ ಬರುತ್ತದೆ ನೋಡಿ. ಮೊದಲ ಚೌಕಕ್ಕೆ ಫೋಕಸ್ (ಟಾಕ್‌ಬ್ಯಾಕ್ ಆ ಕ್ಷಣ ನಿಂತಿರುವ ಜಾಗ) ಬರುತ್ತದೆ, "ಎಡಿಟ್ ಬಾಕ್ಸ್" ಅನ್ನುತ್ತದೆ, ಯಾವುದರ ಬಾಕ್ಸ್ ಎಂದು ಹೇಳುವುದಿಲ್ಲ. ಒಂದು ಅಂಕಿ ಒತ್ತಿದ ಕೂಡಲೇ ಫೋಕಸ್ ತಾನಾಗಿ ಎರಡನೆಯದಕ್ಕೆ ಜಿಗಿಯುತ್ತದೆ. ಒತ್ತಿದ ಅಂಕಿ ಯಾವುದು ಎಂದು ಹೇಳುತ್ತಿದ್ದ ದನಿಯನ್ನು ಕತ್ತರಿಸಿ ಮತ್ತೆ "ಎಡಿಟ್ ಬಾಕ್ಸ್". ಹೀಗೆ ಆರು ಸಲ. ಮಧ್ಯೆ ಒಂದು ತಪ್ಪಿದರೆ ಅಳಿಸಲು ಹೋದಾಗ ಖಾಲಿ ಚೌಕದಲ್ಲಿ ನಿಂತಿರುತ್ತೀರಿ, ಬ್ಯಾಕ್‌ಸ್ಪೇಸ್ ಒತ್ತಿದರೆ ಏನೂ ಆಗುವುದಿಲ್ಲ. ಕಾಪಿ ಮಾಡಿ ಅಂಟಿಸಿದರೆ ಮೊದಲ ಅಂಕಿ ಮಾತ್ರ ಉಳಿದು ಮಿಕ್ಕ ಐದು ಬಿದ್ದುಹೋಗುತ್ತವೆ.

ಇದರ ಕೆಳಗೆ ಮೂವತ್ತು ಸೆಕೆಂಡಿನ ಟೈಮರ್. ಅದನ್ನು ಲೈವ್ ರೀಜನ್, ಅಂದರೆ ಬದಲಾದಾಗಲೆಲ್ಲ ತಾನಾಗಿ ಓದಿಸುವ ಜಾಗ, ಮಾಡಿದ್ದರೆ ಸೆಕೆಂಡಿಗೊಮ್ಮೆ ಇಪ್ಪತ್ತೊಂಬತ್ತು, ಇಪ್ಪತ್ತೆಂಟು ಎಂದು ಎಣಿಸುತ್ತದೆ. ಅಸರ್ಟಿವ್ (ತಕ್ಷಣ ಹೇಳು) ಎಂದು ಇಟ್ಟಿದ್ದರೆ ಬೇರೇನು ಓದುತ್ತಿದ್ದರೂ ಅರ್ಧಕ್ಕೇ ನಿಲ್ಲಿಸುತ್ತದೆ. ಅಷ್ಟರಲ್ಲಿ ಬಂದ ಎಸ್ಸೆಮ್ಮೆಸ್ಸಿನ ಕೋಡ್ ಓದುವುದು ಯಾವಾಗ? ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಬಹಳಷ್ಟು ಕಡೆ ಆ ಮೂವತ್ತು ಸೆಕೆಂಡ್ ಕೋಡ್‌ನ ಆಯಸ್ಸೇ ಅಲ್ಲ, ಮತ್ತೊಮ್ಮೆ ಕಳಿಸಲು ಕಾಯಬೇಕಾದ ಹೊತ್ತು. ಪರದೆ ಅದನ್ನು ಸ್ಪಷ್ಟವಾಗಿ ಹೇಳದ ಕಾರಣ ಜನ ಗಡಿಬಿಡಿಯಲ್ಲಿ ತಪ್ಪು ಒತ್ತುತ್ತಾರೆ. ಕಣ್ಣು ಕಾಣುವವರೂ ಹಾಗೇ ಮಾಡುತ್ತಾರೆ, ಕೈ ನಡುಗುವ ಹಿರಿಯರಂತೂ ಇನ್ನೂ ಹೆಚ್ಚು.

ಸರಿಪಡಿಸುವುದು ಕಷ್ಟವಲ್ಲ. ಒಳಗೆ ಒಂದೇ ಫೀಲ್ಡ್ ಇರಲಿ, ಸಂಖ್ಯೆಯ ಕೀಬೋರ್ಡ್, ಆರು ಅಂಕಿಯ ಮಿತಿ. ಚೌಕಗಳನ್ನು ಬರೀ ಚಿತ್ರವಾಗಿ ಅದರ ಮೇಲೆ ಬಿಡಿಸಿ. ಲೇಬಲ್‌ನಲ್ಲಿ "6 ಅಂಕಿಯ ಕೋಡ್" ಎಂದಿರಲಿ. ಟೈಮರ್ ಲೈವ್ ಆಗಿರುವುದು ಬೇಡ. ಮುಗಿದಾಗ ಒಂದೇ ಸಲ, ಪೊಲೈಟ್ ಆಗಿ (ಓದುತ್ತಿರುವುದನ್ನು ಕತ್ತರಿಸದೆ), "ಈಗ ಮತ್ತೆ ಕೋಡ್ ಕಳಿಸಬಹುದು" ಎಂದರೆ ಸಾಕು. ಎಸ್ಸೆಮ್ಮೆಸ್ಸಿನಿಂದ ಕೋಡ್ ತಾನಾಗಿ ತುಂಬುವ ವ್ಯವಸ್ಥೆ ಆಂಡ್ರಾಯ್ಡ್‌ನಲ್ಲೇ ಇದೆ, ಒಪ್ಪಿಗೆ ಕೇಳಿ ತುಂಬಿಸಿ. ಕೋಡ್ ತಪ್ಪಾದರೆ ಇಡೀ ಫೀಲ್ಡ್ ಖಾಲಿ ಮಾಡಬೇಡಿ; ಯಾವ ಅಂಕಿ ತಪ್ಪಿತು ಎಂದು ಹಿಂದೆ ಹೋಗಿ ಕೇಳಿಸಿಕೊಳ್ಳಲು ಬಿಡಿ.

ಇದೇ ಅವಸರ ಪರದೆಯ ತಳದಲ್ಲಿ ಬಂದು ಮಾಯವಾಗುವ ಸಂದೇಶದ ಪಟ್ಟಿಯಲ್ಲೂ ಇದೆ. "ಅಳಿಸಲಾಗಿದೆ, ರದ್ದು ಮಾಡಿ" ಎಂದು ಕೇಳಿಸಿಕೊಂಡು ಸವರುತ್ತಾ ಅಲ್ಲಿಗೆ ತಲುಪುವಷ್ಟರಲ್ಲಿ ಪಟ್ಟಿಯೇ ಇರುವುದಿಲ್ಲ. ಇಂಥ ಸಂದೇಶ ಎಷ್ಟು ಹೊತ್ತು ನಿಲ್ಲಬೇಕು ಎಂದು ಬಳಕೆದಾರರೇ ಹೇಳುವ ಸೆಟ್ಟಿಂಗ್ ಆಂಡ್ರಾಯ್ಡ್ 10ರಿಂದ ಇದೆ, ಎರಡು ನಿಮಿಷದವರೆಗೂ ಇಡಬಹುದು. ನಿಮ್ಮದೇ ಕಸ್ಟಮ್ ಪಟ್ಟಿ ಬರೆದಿದ್ದರೆ ಆ ಸೆಟ್ಟಿಂಗನ್ನು ಕೇಳಿ ಅದರಂತೆ ನಡೆಯುವ ಜವಾಬ್ದಾರಿಯೂ ನಿಮ್ಮದೇ.

ಕನ್ನಡದ ದನಿ ಹಾಕಿಕೊಂಡು ಪರೀಕ್ಷೆ ಮಾಡುವುದನ್ನು ಯಾರೂ ಬಿಡಬಾರದು. ಗೂಗಲ್‌ನ ಧ್ವನಿ ಎಂಜಿನ್ನಿನಲ್ಲೂ (ಅಕ್ಷರವನ್ನು ಮಾತಾಗಿಸುವ ತಂತ್ರಾಂಶ) ಇಸ್ಪೀಕ್ ಎಂಬ ಇನ್ನೊಂದು ಎಂಜಿನ್ನಿನಲ್ಲೂ ಕನ್ನಡ ಇದೆ. ಹತ್ತು ಅಂಕಿಯ ಫೋನ್ ನಂಬರನ್ನು ಕೋಟಿ ಲಕ್ಷ ಸಾವಿರ ಎಂದು ಒಂದೇ ಸಂಖ್ಯೆಯಾಗಿ ಓದಿದಾಗಲೇ ಅದನ್ನು ಬರೀ ಅಕ್ಷರವಾಗಿ ಬಿಟ್ಟಿದ್ದೇವೆ ಎಂದು ಗೊತ್ತಾಗುವುದು. ಹೇಗೆ ಓದಬೇಕು ಎಂದು ಧ್ವನಿ ಎಂಜಿನ್‌ಗೆ ಸೂಚಿಸುವ ಟಿಟಿಎಸ್ ಸ್ಪ್ಯಾನ್‌ನಲ್ಲಿ ಫೋನ್ ನಂಬರ್ ಅಥವಾ ಬಿಡಿ ಅಂಕಿಗಳು ಎಂದು ಗುರುತು ಹಾಕಿ, ಮತ್ತೆ ಕಿವಿಯಲ್ಲೇ ಕೇಳಿ ನೋಡಿ, ಏಕೆಂದರೆ ಗುರುತನ್ನು ಗೌರವಿಸುವುದು ಧ್ವನಿ ಎಂಜಿನ್‌ಗೆ ಬಿಟ್ಟಿದ್ದು. "ಪು.ಸಂ.", "ಕಿ.ಮೀ." ಥರದ ಸಂಕ್ಷೇಪಗಳನ್ನು ಬಿಡಿಸಿ ಬರೆಯುವುದೇ ಸುರಕ್ಷಿತ.

ಇನ್ನು ಸಾಲದೆ ಬರುವ ಕಡೆ. ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಬಣ್ಣದ ಕಾಂಟ್ರಾಸ್ಟ್ 4.5:1 ಇದೆಯೇ, ಒತ್ತುವ ಜಾಗ 48 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆಯ ಘಟಕ) ಇದೆಯೇ, ಅಕ್ಷರ 200% ದೊಡ್ಡದಾದಾಗ ಒತ್ತಕ್ಷರದ ತಳ ಕತ್ತರಿಸಿಹೋಗುತ್ತದೆಯೇ, ಇದ್ಯಾವುದನ್ನೂ ಟಾಕ್‌ಬ್ಯಾಕ್ ಹೇಳದು. ಅದಕ್ಕೆ ಗೂಗಲ್‌ನ ಆಕ್ಸೆಸಿಬಿಲಿಟಿ ಸ್ಕ್ಯಾನರ್ ಆಪ್ ಇದೆ, ಅಕ್ಷರ ದೊಡ್ಡದು ಮಾಡಿ ಕಣ್ಣಿಂದ ನೋಡುವುದೂ ಇದೆ. ಇದಕ್ಕಿಂತ ಮುಖ್ಯವಾದ ಮಾತು ಬೇರೆ. ಪರದೆ ಕಪ್ಪು ಮಾಡಿಕೊಂಡರೂ ಡಿಸೈನರ್‌ಗೆ ತಾನು ಬಿಡಿಸಿದ ಲೇಔಟ್ ಬಾಯಿಪಾಠ. ಯಾವ ಮೂಲೆಯಲ್ಲಿ ಏನಿದೆ ಎಂದು ಗೊತ್ತಿರುವವರಿಗೆ ಸಲೀಸಾಗಿ ಸಿಕ್ಕಿದ್ದು ಮೊದಲ ಸಲ ತೆರೆದವರಿಗೆ ಸಿಗಬೇಕೆಂದೇನೂ ಇಲ್ಲ. ದಿನಾ ಬಳಸುವವರ ವೇಗವೂ ಬೇರೆ. ಹೊಸಬರಿಗೆ ಅರ್ಥವೇ ಆಗದಷ್ಟು ವೇಗವಾಗಿ ಓದಿಸಿಕೊಳ್ಳುತ್ತಾರೆ, ಒಂದೊಂದನ್ನೂ ಪೂರ್ತಿ ಕೇಳದೆ ಮೊದಲ ಪದಕ್ಕೇ ಮುಂದೆ ಹೋಗುತ್ತಾರೆ. ಅದಕ್ಕೇ ಲೇಬಲ್‌ನ ಮೊದಲ ಪದವೇ ಮುಖ್ಯ ಪದ ಆಗಿರಬೇಕು. "ನಿಮ್ಮ ಖಾತೆಯ ವಿವರ", "ನಿಮ್ಮ ಖಾತೆಯ ಭದ್ರತೆ" ಎಂದು ಎಲ್ಲದಕ್ಕೂ ಒಂದೇ ಆರಂಭ ಕೊಟ್ಟರೆ ಅವರ ವೇಗವೆಲ್ಲ ವ್ಯರ್ಥ. ಇದು ನಮ್ಮ ಇಪ್ಪತ್ತು ನಿಮಿಷದ ಪರೀಕ್ಷೆಯಲ್ಲಿ ತಿಳಿಯುವ ವಿಷಯವಲ್ಲ. ಟಾಕ್‌ಬ್ಯಾಕನ್ನೇ ನೆಚ್ಚಿ ಬದುಕುವ ಇಬ್ಬರು ಮೂವರನ್ನು, ಅವರ ಹೊತ್ತಿಗೆ ತಕ್ಕ ಸಂಭಾವನೆ ಕೊಟ್ಟು ಕರೆದು, ಅವರ ಫೋನ್‌ನಲ್ಲೇ, ಅವರ ವೇಗದಲ್ಲೇ ಕೆಲಸ ಮಾಡಿಸಿ ಪಕ್ಕದಲ್ಲಿ ಸುಮ್ಮನೆ ಕೂತಾಗ ಮಾತ್ರ ತಿಳಿಯುವುದು.

ಅವರನ್ನು ಕರೆಯುವ ಮೊದಲು ಲೇಬಲ್, ಕ್ರಮ, ಒಟಿಪಿ ಪರದೆ ಇಷ್ಟನ್ನು ನಾವೇ ಟಾಕ್‌ಬ್ಯಾಕ್ ಹಾಕಿ ಸರಿಪಡಿಸಿಟ್ಟಿರಬೇಕು. ಹೆಸರಿಲ್ಲದ ಬಟನ್ ಹುಡುಕಿಕೊಡಲು ಅವರ ಒಂದು ಗಂಟೆಯನ್ನು ಖರ್ಚು ಮಾಡಿಸುವುದು ತಪ್ಪು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಅಂಕ ಕಳೆದದ್ದು ಸನ್ನೆಗಳು ಫೋನಿನಿಂದ ಫೋನಿಗೆ ಬೇರೆಯಾಗುವುದಕ್ಕೆ. ಬೇರೆಯವರ ಫೋನ್‌ನಲ್ಲಿ ಪರೀಕ್ಷಿಸುವಾಗ ಮೊದಲು ಅಭ್ಯಾಸ ಪಾಠ ತೆರೆದು ಎರಡು ನಿಮಿಷ ಬೆರಳಾಡಿಸಿ, ಆಮೇಲೆ ನಿಮ್ಮ ಆಪ್ ತೆರೆಯಿರಿ.