ಮೂಗಿಗಿಂತ ಮೂಗುತಿ ಭಾರ: ಪೆಂಟ್ಯಾಕ್ಸ್ ಕೆ1000, ಎಚ್‌ಪಿ5 ಪ್ಲಸ್ ಮತ್ತು ಡಿಜಿಟಲ್ ಲೆಕ್ಕ

ಪೆಂಟ್ಯಾಕ್ಸ್ ಕೆ1000 ಫಿಲ್ಮ್ ಕ್ಯಾಮೆರಾ ಕೈಗೆತ್ತಿಕೊಂಡರೆ ಮೊದಲು ಗಮನಕ್ಕೆ ಬರುವುದು ಅದರಲ್ಲಿ ಏನೇನಿಲ್ಲ ಎನ್ನುವುದು. ಆಟೋಫೋಕಸ್ ಇಲ್ಲ, ಸೆಲ್ಫ್ ಟೈಮರ್ ಇಲ್ಲ, ಬೆಳಕು ಅಳೆಯುವ ಮೀಟರಿಗೆ ಆನ್-ಆಫ್ ಸ್ವಿಚ್ ಕೂಡ ಇಲ್ಲ. ಇರುವುದು ಷಟರ್ ಸ್ಪೀಡಿನ ಒಂದು ತಿರುಗಣಿ, ಲೆನ್ಸಿನ ಮೇಲೆ ಬೆಳಕಿನ ಕಿಂಡಿ ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ರಿಂಗು, ವ್ಯೂಫೈಂಡರಿನ ಬಲಕ್ಕೆ ಏರಿಳಿಯುವ ಒಂದು ಮುಳ್ಳು. 1976ರಿಂದ 1997ರವರೆಗೆ ಹೆಚ್ಚೇನೂ ಬದಲಾಗದೆ ತಯಾರಾದ ಈ ಡಬ್ಬಿ ಇವತ್ತಿಗೂ ಫಿಲ್ಮ್ ಕಲಿಯುವವರ ಕೈಗೆ ಮೊದಲು ಬರುವ ಕ್ಯಾಮೆರಾಗಳಲ್ಲಿ ಒಂದು. ಇದರೊಳಗೆ ಇಲ್ಫರ್ಡ್ ಕಂಪನಿಯ ಕಪ್ಪು-ಬಿಳುಪು ಫಿಲ್ಮ್ ಎಚ್‌ಪಿ5 ಪ್ಲಸ್ ಹಾಕಿ, ಪಕ್ಕದಲ್ಲಿ ಮಾಮೂಲಿ 24 ಮೆಗಾಪಿಕ್ಸೆಲಿನ ಡಿಜಿಟಲ್ ಬಾಡಿಯೊಂದನ್ನಿಟ್ಟು ತೂಗಿ ನೋಡಿದ ವಿಮರ್ಶೆ ಇದು.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಪ್ಪು-ಬಿಳುಪು ಫಿಲ್ಮ್ ಹಾಕಿ ರೀಲನ್ನು ಮನೆಯಲ್ಲೇ ತೊಳೆಯುವವರಿಗೆ ಈ ಜೋಡಿ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಬಣ್ಣದ ರೀಲು ಹಾಕಿ, ತೊಳೆಯುವುದನ್ನೂ ಸ್ಕ್ಯಾನ್ ಮಾಡುವುದನ್ನೂ ಲ್ಯಾಬಿಗೆ ಬಿಟ್ಟು, ಕೊನೆಗೆ ಫೋನಿನಲ್ಲಿ ಫೈಲು ನೋಡುವವರು ಡಿಜಿಟಲ್‌ನಲ್ಲೇ ಇರುವುದು ಲೇಸು. ಯಾಕೆ ಅಂದರೆ, ಫಿಲ್ಮಿನ ಖರ್ಚು ಪೂರಾ ಅವರ ತಲೆಗೆ ಬಂತು, ಅದರ ಖುಷಿಯ ಮುಕ್ಕಾಲು ಪಾಲು ಲ್ಯಾಬಿನವರಿಗೆ ಹೋಯಿತು.

ಖರ್ಚಿನ ಲೆಕ್ಕದಲ್ಲಿ ಹೆಚ್ಚಿನವರು ತಪ್ಪುವುದು ಕ್ಯಾಮೆರಾದ ಬೆಲೆ ಹೋಲಿಸುವಾಗ. ಹಳೇ ಫಿಲ್ಮ್ ಬಾಡಿ ಅಗ್ಗ, ನಿಜ. ಆದರೆ ಮೂಗಿಗಿಂತ ಮೂಗುತಿ ಭಾರ. ರೀಲಿನ ಬೆಲೆ, ತೊಳೆಯುವ ಖರ್ಚು, ಸ್ಕ್ಯಾನಿನ ಖರ್ಚು ಮೂರನ್ನೂ ಕೂಡಿ, ಕೊಳ್ಳಬೇಕೆಂದಿರುವ ಡಿಜಿಟಲ್ ಬಾಡಿಯ ಬೆಲೆಯನ್ನು ಆ ಮೊತ್ತದಿಂದ ಭಾಗಿಸಿ. ಉತ್ತರ 60 ಬಂತು ಅಂದುಕೊಳ್ಳೋಣ. ತಿಂಗಳಿಗೆ ಎರಡು ರೀಲು ಮುಗಿಸುವವರಿಗೆ ಎರಡೂವರೆ ವರ್ಷದಲ್ಲಿ ಡಿಜಿಟಲ್ ತನ್ನ ದುಡ್ಡನ್ನು ಹಿಂದಕ್ಕೆ ಕೊಟ್ಟಾಯಿತು. ತಿಂಗಳಿಗೆ ಅರ್ಧ ರೀಲು ಸಾಕೆನ್ನುವವರಿಗೆ ಅದೇ 60 ರೀಲು ಹತ್ತು ವರ್ಷ ಬರುತ್ತದೆ, ಅಷ್ಟರೊಳಗೆ ಆ ಡಿಜಿಟಲ್ ಬಾಡಿ ಹಳತಾಗಿ ಮೂಲೆ ಸೇರಿರುತ್ತದೆ. ಕಡಿಮೆ ತೆಗೆಯುವವರಿಗೆ ಫಿಲ್ಮ್ ದುಬಾರಿಯೇನಲ್ಲ. ಹೆಚ್ಚು ತೆಗೆಯುವವರ ಕೈಯನ್ನು ಮಾತ್ರ ಅದು ಸುಡುತ್ತದೆ.

ಡಿಜಿಟಲ್ ಪುಕ್ಕಟೆ ಅನ್ನುವುದೂ ಅರ್ಧ ಸತ್ಯವೇ. 24 ಮೆಗಾಪಿಕ್ಸೆಲಿನ ಒಂದು ರಾ ಫೈಲು (ಸೆನ್ಸರಿನಿಂದ ಬಂದ ಕಚ್ಚಾ ಚಿತ್ರ) 25-30 ಎಂಬಿ ತೂಗುತ್ತದೆ. ಒಂದು ದಿನದ ಸುತ್ತಾಟದಲ್ಲಿ 400 ಫ್ರೇಮ್ ಸುಲಭವಾಗಿ ಆಗುತ್ತದೆ, ಅಂದರೆ 10-12 ಜಿಬಿ. ಅದನ್ನು ಎರಡು ಡಿಸ್ಕಿನಲ್ಲಿ ಇಡಬೇಕು, ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ಸಾಗಿಸಬೇಕು. ಜೊತೆಗೆ ಬ್ಯಾಟರಿ, ಕಾರ್ಡು, ಸಾಫ್ಟ್‌ವೇರಿನ ಚಂದಾ. ಎಲ್ಲಕ್ಕಿಂತ ದೊಡ್ಡ ವೆಚ್ಚ ಆ 400ರಲ್ಲಿ 12ನ್ನು ಆರಿಸುವುದಕ್ಕೆ ಕೂರುವ ಸಂಜೆ. ಇದನ್ನು ಯಾರೂ ಬಿಲ್ಲಿಗೆ ಸೇರಿಸುವುದಿಲ್ಲ.

ಕೆ1000 ಕೊಳ್ಳುವಾಗ ಹಿಂಬದಿಯ ಬಾಗಿಲು ತೆಗೆದು ಅಂಚಿನ ತೋಡಿನಲ್ಲಿರುವ ಕಪ್ಪು ಫೋಮನ್ನು ಹಲ್ಲುಕಡ್ಡಿಯಿಂದ ಮುಟ್ಟಿ ನೋಡಿ. ಟಾರಿನ ಹಾಗೆ ಅಂಟಿದರೆ ಬೆಳಕು ಒಳಗೆ ಸೋರುತ್ತದೆ. ಹೊಸ ಫೋಮ್ ಹಾಕುವುದು ಒಂದು ಗಂಟೆಯ ಕೆಲಸ, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದ್ದು ಷಟರಿಗೆ. ಬಟ್ಟೆಯ ಎರಡು ಪರದೆಗಳು ಅಡ್ಡಡ್ಡ ಓಡುವ ಷಟರ್ ಇದು. ಬಾಗಿಲು ತೆಗೆದೇ 1/1000ಕ್ಕೆ ಇಟ್ಟು, ಲೆನ್ಸನ್ನು ಬೆಳಕಿನ ಕಡೆ ಹಿಡಿದು ಹಿಂದಿನಿಂದ ನೋಡುತ್ತಾ ಕ್ಲಿಕ್ಕಿಸಿ. ಕಿಂಡಿಯ ಒಂದು ಬದಿ ಕತ್ತಲಾಗಿಯೇ ಉಳಿದರೆ ಪರದೆಗಳ ಓಟ ಹೊಂದುತ್ತಿಲ್ಲ ಎಂದರ್ಥ, ಆ ದೋಷ ನೆಗೆಟಿವಿನಲ್ಲಿ ಒಂದು ಪಕ್ಕ ಮಂಕಾಗಿ ಕಾಣಿಸಿಕೊಳ್ಳುತ್ತದೆ. ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಬೂಷ್ಟು ಇದೆಯೋ ನೋಡಿ. ಮೀಟರಿಗೆ ಬೇಕಾದ್ದು ಎಲ್‌ಆರ್44 ಗುಂಡಿ ಸೆಲ್ ಒಂದೇ, ಅದು ಸತ್ತರೂ ಷಟರ್ ಓಡುತ್ತದೆ. ಸ್ವಿಚ್ ಇಲ್ಲದ್ದರಿಂದ ಬಳಸದಿರುವಾಗ ಲೆನ್ಸಿನ ಮುಚ್ಚಳ ಹಾಕಿಡಬೇಕು, ಕತ್ತಲಾದರೆ ಮಾತ್ರ ಸೆಲ್ಲಿಗೆ ವಿಶ್ರಾಂತಿ. ಇನ್ನೊಂದು ಅನುಕೂಲವೂ ಇದೆ. ಇದರ ಕೆ-ಮೌಂಟ್ ಲೆನ್ಸುಗಳು ಪೆಂಟ್ಯಾಕ್ಸಿನ ಡಿಜಿಟಲ್ ಎಸ್‌ಎಲ್‌ಆರ್‌ಗಳಿಗೂ ಕೂರುತ್ತವೆ. ಚಿಕ್ಕ ಸೆನ್ಸರಿನ ಬಾಡಿಯಲ್ಲಿ 50 ಎಂಎಂ ಲೆನ್ಸು 75ರಂತೆ ಕಾಣುತ್ತದೆ, ಫೋಕಸ್ ಕೈಯಿಂದಲೇ ಮಾಡಬೇಕು, ಅಷ್ಟೇ.

ಹೊಸಬರ ಮೊದಲ ರೀಲು ಖಾಲಿ ಬರುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಒಂದೇ. ಫಿಲ್ಮಿನ ನಾಲಿಗೆ ಟೇಕಪ್ ಸ್ಪೂಲಿನ ಸೀಳಿನಿಂದ ಜಾರಿರುತ್ತದೆ. ಕ್ಯಾಮೆರಾ ಏನೂ ದೂರು ಹೇಳುವುದಿಲ್ಲ. ಲಿವರ್ ಎಳೆದಂತೆ ಕೌಂಟರು 1, 2, 3 ಎಂದು ಏರುತ್ತಲೇ ಹೋಗುತ್ತದೆ, ಒಳಗೆ ಫಿಲ್ಮು ಇದ್ದಲ್ಲೇ ಇರುತ್ತದೆ. 36 ಫ್ರೇಮ್ ತೆಗೆದದ್ದೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬಾಗಿಲು ಮುಚ್ಚಿದ ಮೇಲೆ ಎಡಗಡೆಯ ರಿವೈಂಡ್ ಹಿಡಿಯನ್ನು ಬಾಣದ ದಿಕ್ಕಿನಲ್ಲಿ ಮೆಲ್ಲಗೆ ತಿರುಗಿಸಿ ಸಡಿಲ ತೆಗೆಯಿರಿ, ಆಮೇಲೆ ಲಿವರ್ ಎಳೆಯಿರಿ. ಹಿಡಿ ತಾನಾಗಿ ಹಿಂದಕ್ಕೆ ತಿರುಗಿದರೆ ಫಿಲ್ಮ್ ಓಡುತ್ತಿದೆ. ತಿರುಗದಿದ್ದರೆ ಬಾಗಿಲು ತೆಗೆದು ಮತ್ತೆ ಸಿಕ್ಕಿಸಿ, ಹೋಗುವುದು ಮೊದಲಿನ ಎರಡು ಫ್ರೇಮಿನಷ್ಟು ಉದ್ದ ಮಾತ್ರ.

ಎಚ್‌ಪಿ5 ಪ್ಲಸ್ 400 ಐಎಸ್‌ಒ ಫಿಲ್ಮು, ಸ್ವಭಾವದಲ್ಲಿ ಸಾಧು. ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟಾಗುವುದು ಇಲ್ಲವೇ ಅರ್ಧವಾಗುವುದು) ಬೆಳಕು ಹೆಚ್ಚಾದರೂ ಪ್ರಿಂಟ್ ಎಳೆಯಬಹುದು. ಕಡಿಮೆಯಾದರೆ ಮಾತ್ರ ಕ್ಷಮೆ ಇಲ್ಲ, ನೆರಳಿನಲ್ಲಿ ದಾಖಲಾಗದ ವಿವರವನ್ನು ಚಿತ್ರ ಮೂಡಿಸುವ ಯಾವ ಡೆವಲಪರ್ ದ್ರಾವಣವೂ ಹುಟ್ಟಿಸಲಾರದು. ಡಿಜಿಟಲ್ ಸೆನ್ಸರಿನ ಗುಣ ಇದಕ್ಕೆ ತಿರುವುಮುರುವು. ಅದರ ನೆರಳನ್ನು ಎತ್ತಬಹುದು, ಸುಟ್ಟು ಬಿಳಿಯಾದ ಆಕಾಶ ಹೋದದ್ದು ಹೋಯಿತು. ಹಾಗಾಗಿ ಡಿಜಿಟಲ್‌ನಿಂದ ಬಂದವರು ಆಕಾಶ ಉಳಿಸುವ ಅಭ್ಯಾಸವನ್ನು ಫಿಲ್ಮಿನ ಮೇಲೂ ತೋರಿಸಿ ತೆಳ್ಳನೆಯ ನೆಗೆಟಿವ್ ತರುತ್ತಾರೆ. ಎಚ್‌ಪಿ5ರಲ್ಲಿ ಮೀಟರನ್ನು ನೆರಳಿನ ಕಡೆ ತಿರುಗಿಸಿ ಓದಿ, ಅದರಿಂದ ಎರಡು ಸ್ಟಾಪ್ ಇಳಿಸಿದರೆ ಸರಿಹೋಗುತ್ತದೆ. ರಾತ್ರಿಯ ಉದ್ದ ಎಕ್ಸ್‌ಪೋಷರಿಗೆ ಬೇರೆ ಲೆಕ್ಕವಿದೆ. ಮೀಟರ್ 10 ಸೆಕೆಂಡ್ ಎಂದರೆ ಈ ಫಿಲ್ಮಿಗೆ 20 ಬೇಕು, 30 ಎಂದರೆ ಸುಮಾರು 86. ಸೆನ್ಸರಿಗೆ ಈ ರಗಳೆಯೇ ಇಲ್ಲ.

ಇನ್ನು ತೊಳೆಯುವುದು. ಖರ್ಚು ಇಳಿಯುವುದೂ ಖುಷಿ ಏರುವುದೂ ಇಲ್ಲೇ. ಒಂದು ರೀಲಿಗೆ ಪ್ಯಾಟರ್ಸನ್ ಟ್ಯಾಂಕಿನಲ್ಲಿ (ಬೆಳಕು ಹೋಗದ, ಫಿಲ್ಮ್ ತೊಳೆಯುವ ಡಬ್ಬಿ) 290 ಎಂಎಲ್ ದ್ರಾವಣ ಸಾಕು, 300 ಇಟ್ಟುಕೊಂಡರೆ ಲೆಕ್ಕ ಸುಲಭ. ಐಡಿ-11 ಎಂಬ ಡೆವಲಪರ್ ಪುಡಿಯಿಂದ ಒಂದು ಲೀಟರ್ ಸ್ಟಾಕ್ (ಗಟ್ಟಿ ಮೂಲ ದ್ರಾವಣ) ಮಾಡಿಟ್ಟು, ಪ್ರತಿ ಸಲ 150 ಎಂಎಲ್ ಸ್ಟಾಕಿಗೆ 150 ಎಂಎಲ್ ನೀರು ಬೆರೆಸಿ, ಕೆಲಸ ಮುಗಿದ ಮೇಲೆ ಚೆಲ್ಲುವುದು. ಒಂದು ಲೀಟರಿನಲ್ಲಿ ಆರು ರೀಲು. ಸ್ಟಾಕನ್ನು ಬಾಟಲಿಯ ಕಂಠದವರೆಗೆ ತುಂಬಿಟ್ಟರೆ ಆರು ತಿಂಗಳು ಬಾಳುತ್ತದೆ, ಅರ್ಧ ಬಾಟಲಿ ಆದ ಮೇಲೆ ಒಂದೇ ತಿಂಗಳು. ಅದಕ್ಕೇ ಒಂದು ದೊಡ್ಡ ಬಾಟಲಿಗಿಂತ ಚಿಕ್ಕ ಚಿಕ್ಕ ನಾಲ್ಕು ಬಾಟಲಿ ಮೇಲು.

ಈ ಹದಕ್ಕೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 13 ನಿಮಿಷ. ಪ್ರತಿ ನಿಮಿಷದ ಮೊದಲ 10 ಸೆಕೆಂಡಿನಲ್ಲಿ ಟ್ಯಾಂಕನ್ನು ನಾಲ್ಕು ಸಲ ಬುಡಮೇಲು ಮಾಡಿ, ಕೆಳಗಿಡುವಾಗ ಒಮ್ಮೆ ಠಕ್ಕನೆ ಕುಟ್ಟಿ. ಕುಟ್ಟದಿದ್ದರೆ ಗುಳ್ಳೆ ಅಂಟಿಕೊಂಡು ನೆಗೆಟಿವಿನಲ್ಲಿ ದುಂಡನೆಯ ತಿಳಿ ಚುಕ್ಕೆಗಳಾಗುತ್ತವೆ. ನೀರು 24 ಡಿಗ್ರಿಗೆ ಬೆಚ್ಚಗಿದ್ದರೆ 9 ನಿಮಿಷದ ಆಸುಪಾಸು. ಸಮಯ 5 ನಿಮಿಷಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಆಕಾಶದಲ್ಲಿ ಪಟ್ಟೆ ಪಟ್ಟೆ. ಆಮೇಲೆ ಡೆವಲಪರಿನ ಕೆಲಸ ನಿಲ್ಲಿಸುವ 1+19 (1 ಪಾಲು ದ್ರಾವಣ, 19 ಪಾಲು ನೀರು) ಸ್ಟಾಪ್ ಬಾತ್ 10 ಸೆಕೆಂಡ್, 1+4 ರ‍್ಯಾಪಿಡ್ ಫಿಕ್ಸರ್ 3ರಿಂದ 5 ನಿಮಿಷ. ಚಿತ್ರವನ್ನು ನೆಲೆಗೊಳಿಸುವ ಈ ಫಿಕ್ಸರನ್ನು ಚೆಲ್ಲಬಾರದು, ಒಂದು ಲೀಟರಿಗೆ 24 ರೀಲು ಬರುತ್ತದೆ. ದಣಿದಿದೆಯೋ ಇಲ್ಲವೋ ತಿಳಿಯಲು, ಫಿಲ್ಮಿನ ನಾಲಿಗೆಯಿಂದ ಕತ್ತರಿಸಿದ ತುಂಡೊಂದನ್ನು ಅದರಲ್ಲಿ ಮುಳುಗಿಸಿ ಎಷ್ಟು ಹೊತ್ತಿಗೆ ತಿಳಿಯಾಗುತ್ತದೆ ನೋಡಿ. ಹೊಸತರಲ್ಲಿ ಹಿಡಿದ ಹೊತ್ತಿನ ಎರಡರಷ್ಟಾದರೆ ಅದಕ್ಕೆ ನಿವೃತ್ತಿ. ತೊಳೆಯಲು ನಲ್ಲಿ ಬಿಟ್ಟುಕೊಂಡು ನಿಲ್ಲಬೇಕಿಲ್ಲ. ಟ್ಯಾಂಕಿಗೆ ನೀರು ತುಂಬಿ 5 ಸಲ ಬುಡಮೇಲು, ನೀರು ಬದಲಿಸಿ 10 ಸಲ, ಮತ್ತೆ ಬದಲಿಸಿ 20 ಸಲ. ಕೊನೆಗೆ ಡಿಸ್ಟಿಲ್ಡ್ ನೀರಿಗೆ ಹನಿಯ ಕಲೆ ಉಳಿಯದಂತೆ ಒಂದೆರಡು ಹನಿ ವೆಟಿಂಗ್ ಏಜೆಂಟ್. ಬೆರಳಲ್ಲೋ ಸ್ಪಂಜಿನಲ್ಲೋ ಸವರಬೇಡಿ, ಒಂದು ಮರಳಿನ ಕಣ ಸಿಕ್ಕರೂ 36 ಫ್ರೇಮಿನ ಮೇಲೆ ಒಂದೇ ಗೆರೆ.

ತೊಂದರೆ ಕೊಡುವುದು ರಾಸಾಯನಿಕಗಳಲ್ಲ, ಕತ್ತಲಲ್ಲಿ ಫಿಲ್ಮನ್ನು ಪ್ಲಾಸ್ಟಿಕ್ ಸ್ಪೈರಲಿಗೆ ಸುತ್ತುವ ಎರಡು ನಿಮಿಷ. ಸ್ಪೈರಲಿನಲ್ಲಿ ತೇವದ ಪಸೆ ಇದ್ದರೂ ಫಿಲ್ಮ್ ಅರ್ಧಕ್ಕೇ ಕಚ್ಚಿಕೊಳ್ಳುತ್ತದೆ. ಬೆಳಕು ಹೋಗದ ಚೇಂಜಿಂಗ್ ಬ್ಯಾಗಿನೊಳಗೆ ಕೈ ಬೆವರಿದರೂ ಅದೇ ಕತೆ. ಆಗ ಬಲವಂತ ಮಾಡಿದರೆ ಫಿಲ್ಮ್ ಮಡಿಚಿ, ಉಗುರಿನ ಆಕಾರದ ಕಲೆಗಳು ಮೂಡುತ್ತವೆ. ಸಿಕ್ಕಿಕೊಂಡದ್ದನ್ನು ಬಿಚ್ಚಿ ಟ್ಯಾಂಕಿನೊಳಗಿಟ್ಟು ಮುಚ್ಚಿ, ಕೈ ಹೊರಗೆ ತೆಗೆದು ಒರೆಸಿಕೊಂಡು ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡುವುದೇ ದಾರಿ. ಸುತ್ತುವ ಮೊದಲು ಫಿಲ್ಮಿನ ಮುಂದಿನ ಎರಡು ಮೂಲೆಗಳನ್ನು ಕತ್ತರಿಯಿಂದ ಚೂರೇ ದುಂಡಗೆ ಮಾಡಿದರೆ ಅರ್ಧ ತಲೆನೋವು ಹೋಗುತ್ತದೆ. ಟ್ಯಾಂಕಿನ ನಡುವಿನ ಕಪ್ಪು ಕೊಳವೆಯನ್ನು ಮರೆತು ಮುಚ್ಚಳ ಹಾಕಿದರೆ ಬೆಳಕು ನೇರ ಒಳಗೆ ಬೀಳುತ್ತದೆ, ಇಡೀ ರೀಲು ಕಪ್ಪು.

ಒಣಗಿದ ರೀಲನ್ನು ಕಿಟಕಿಗೆ ಹಿಡಿದಾಗ ಚಿತ್ರಗಳಿಗಿಂತ ಮೊದಲು ಅಂಚಿನ ಅಕ್ಷರಗಳನ್ನು ಓದುವುದು ಜಾಣತನ. ಫಿಲ್ಮಿನ ಹೆಸರು, ಫ್ರೇಮ್ ಸಂಖ್ಯೆಗಳನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಬರೆದಿರುತ್ತಾರೆ, ಅವು ಎದ್ದು ಬರುವುದು ಡೆವಲಪರಿನಲ್ಲಿ. ಅಕ್ಷರ ಗಾಢವಾಗಿದ್ದು ಚಿತ್ರ ತೆಳುವಾಗಿದ್ದರೆ ತಪ್ಪು ಕ್ಯಾಮೆರಾದಲ್ಲಿ, ಬೆಳಕು ಸಾಲಲಿಲ್ಲ. ಅಕ್ಷರವೂ ಪೇಲವವಾಗಿದ್ದರೆ ತಪ್ಪು ಟ್ಯಾಂಕಿನಲ್ಲಿ, ಡೆವಲಪರ್ ಹಳತು ಅಥವಾ ಸಮಯ ಕಡಿಮೆ. ಅಕ್ಷರ ಚೆನ್ನಾಗಿದ್ದು ಚಿತ್ರವೇ ಇಲ್ಲದಿದ್ದರೆ ಫಿಲ್ಮ್ ಓಡಿಲ್ಲ. ಎರಡೂ ಇಲ್ಲದೆ ಪೂರಾ ತಿಳಿಯಾಗಿದ್ದರೆ ಡೆವಲಪರಿಗೆ ಮೊದಲು ಫಿಕ್ಸರ್ ಹೊಯ್ದಿದ್ದೀರಿ. ಫಿಲ್ಮ್ ಹಾಲಿನಂತೆ ಮಸುಕಾಗಿದ್ದರೆ ಮಾತ್ರ ಗಾಬರಿ ಬೇಡ, ಹೊಸ ಫಿಕ್ಸರಿನಲ್ಲಿ ಮತ್ತೆ ಐದು ನಿಮಿಷ ಇಟ್ಟರೆ ತಿಳಿಯಾಗುತ್ತದೆ.

ಸ್ಕ್ಯಾನಿಂಗ್ ಬೇಸರದ ಕೆಲಸ, ಅದನ್ನು ಸಿಂಗರಿಸಿ ಹೇಳುವುದರಲ್ಲಿ ಅರ್ಥವಿಲ್ಲ. ಫ್ಲಾಟ್‌ಬೆಡ್ ಸ್ಕ್ಯಾನರಿನ ಡಬ್ಬದ ಮೇಲೆ 6400 ಡಿಪಿಐ ಎಂದಿದ್ದರೂ ನಿಜವಾಗಿ ಸಿಗುವ ಚುರುಕು ಅದರ ಮೂರನೇ ಒಂದು ಭಾಗದ ಆಸುಪಾಸು. ದೂಳು ಅಳಿಸುವ ಇನ್‌ಫ್ರಾರೆಡ್ ಸೌಲಭ್ಯ ಬಣ್ಣದ ನೆಗೆಟಿವಿಗೆ ಸೊಗಸು, ಎಚ್‌ಪಿ5ರಂಥ ಬೆಳ್ಳಿಯ ಫಿಲ್ಮಿಗೆ ಉಪಯೋಗಕ್ಕಿಲ್ಲ. ಬೆಳ್ಳಿಯ ಕಣವೇ ಇನ್‌ಫ್ರಾರೆಡ್ ಬೆಳಕನ್ನು ತಡೆಯುತ್ತದೆ, ಯಂತ್ರ ಚಿತ್ರವನ್ನೇ ದೂಳೆಂದು ಎಣಿಸುತ್ತದೆ. ಇದಕ್ಕಿಂತ ಒಳ್ಳೆಯದು ಡಿಜಿಟಲ್ ಕ್ಯಾಮೆರಾಕ್ಕೆ 1:1 ಮ್ಯಾಕ್ರೋ ಲೆನ್ಸ್ ಹಾಕಿ, ಲೈಟ್ ಪ್ಯಾನೆಲಿನ ಮೇಲೆ ನೆಗೆಟಿವ್ ಇಟ್ಟು, ಎಫ್/8ರಲ್ಲಿ ಐಎಸ್‌ಒ 100ಕ್ಕೆ ತೆಗೆಯುವುದು. ನೆಗೆಟಿವ್ ಇಡುವ ಜಾಗದಲ್ಲಿ ಪುಟ್ಟ ಕನ್ನಡಿ ಇಟ್ಟು, ಲೆನ್ಸಿನ ಪ್ರತಿಬಿಂಬ ಫ್ರೇಮಿನ ನಟ್ಟನಡುವೆ ಬರುವಂತೆ ಮಾಡಿದರೆ ಎರಡೂ ಸಮಾನಾಂತರವಾದಂತೆ. ಫಿಲ್ಮಿನ ಸುಖ ಅನುಭವಿಸಲು ಕೊನೆಗೆ ಡಿಜಿಟಲ್ ಬಾಡಿ ಬೇಕೇ ಬೇಕಾಯಿತಲ್ಲ ಎಂದು ನಗಬಹುದು. ನೆಗೆಟಿವಿನಿಂದ ನೇರ ಕಾಗದಕ್ಕೆ ಪ್ರಿಂಟ್ ಹಾಕುವ ಎನ್ಲಾರ್ಜರ್ ಇದ್ದವರಿಗೆ ಈ ನಗು ಅನ್ವಯಿಸದು.

ಬಣ್ಣದ ಫಿಲ್ಮಿನ ಸಿ-41 ವಿಧಾನಕ್ಕೆ ಡೆವಲಪರ್ 38 ಡಿಗ್ರಿಯಲ್ಲಿ 3 ನಿಮಿಷ 15 ಸೆಕೆಂಡ್. ಅರ್ಧ ಡಿಗ್ರಿ ಆಚೀಚೆಯಾದರೂ ಬಣ್ಣ ವಾಲಬಹುದು, ಬೆರೆಸಿಟ್ಟ ಕಿಟ್ ಬೇಗ ಕೆಡುತ್ತದೆ. ವಾರದೊಳಗೆ ಏಳೆಂಟು ರೀಲು ಕೂಡಿಸಿ ತೊಳೆಯುವವರಿಗಷ್ಟೇ ಅದು ಗಿಟ್ಟುತ್ತದೆ. ಬಣ್ಣಕ್ಕೆ ಇನ್ನೊಬ್ಬರ ಯಂತ್ರವನ್ನು ನೆಚ್ಚಿಕೊಳ್ಳಬೇಕೆನ್ನುವುದಕ್ಕೆ ಕೊಡಾಕ್ ಕಂಪನಿಯ ಬಣ್ಣದ ಸ್ಲೈಡ್ ಫಿಲ್ಮ್ ಕೊಡಾಕ್ರೋಮ್ ಸಾಕ್ಷಿ. 2009ರಲ್ಲಿ ಅದರ ತಯಾರಿಕೆ ನಿಂತಿತು, 2010ರ ಕೊನೆಗೆ ಅದನ್ನು ತೊಳೆಯುತ್ತಿದ್ದ ಕೊನೆಯ ಲ್ಯಾಬೂ ನಿಲ್ಲಿಸಿತು. ಆಮೇಲೆ ಕೈಯಲ್ಲುಳಿದ ರೀಲುಗಳಿಗೆ ಬಣ್ಣ ಬರುವ ದಾರಿ ಮುಚ್ಚಿಹೋಯಿತು.

ಹಕ್ಕಿ, ಓಡುವ ಮಗು, ವೇದಿಕೆಯ ಮಂದ ಬೆಳಕು ಇವೆಲ್ಲ ಡಿಜಿಟಲ್‌ಗೆ ಸೇರಿದ್ದು, ಇದರಲ್ಲಿ ವಾದಕ್ಕೆ ಎಡೆಯಿಲ್ಲ. ಎಕ್ಸ್‌ಪೋಷರ್ ಕಲಿಯುವುದಕ್ಕೂ ಅದೇ ಬೇಗ, ತಪ್ಪು ಎರಡು ಸೆಕೆಂಡಿನಲ್ಲಿ ಪರದೆಯ ಮೇಲಿರುತ್ತದೆ. ನಿಧಾನವಾಗಿ ನಡೆದು, ಒಂದು ಗೋಡೆಯ ಮುಂದೆ ಮೂರು ನಿಮಿಷ ನಿಂತು, ಮುಳ್ಳು ನಡುವಿಗೆ ಬರುವವರೆಗೆ ರಿಂಗು ತಿರುಗಿಸಿ ಒಂದೇ ಒಂದು ಫ್ರೇಮ್ ತೆಗೆಯುವುದರಲ್ಲಿ ರುಚಿ ಕಂಡವರಿಗೆ ಕೆ1000 ಹೇಳಿ ಮಾಡಿಸಿದ್ದು.

ಆ ರುಚಿ ಹತ್ತಿ ಖರ್ಚು ಇಳಿಸಬೇಕೆನಿಸಿದರೆ ಎಚ್‌ಪಿ5 ಪ್ಲಸ್ 30.5 ಮೀಟರಿನ ದೊಡ್ಡ ಸುರುಳಿಯಲ್ಲೂ ಸಿಗುತ್ತದೆ. ಬಲ್ಕ್ ಲೋಡರಿಗೆ ಹಾಕಿಕೊಂಡು ಖಾಲಿ ಕ್ಯಾಸೆಟ್ಟುಗಳಿಗೆ ತುಂಬಿದರೆ 36 ಫ್ರೇಮಿನವು ಸುಮಾರು 18 ಆಗುತ್ತವೆ. ಕ್ಯಾಸೆಟ್ಟಿನ ಬಾಯಿಯ ಮಖಮಲ್ಲಿನಲ್ಲಿ ದೂಳು ಕೂತರೆ ಉದ್ದಕ್ಕೂ ಗೀರು ಬೀಳುವುದರಿಂದ ಒಂದನ್ನೇ ಐದಾರು ಸಲಕ್ಕಿಂತ ಹೆಚ್ಚು ಬಳಸಬಾರದು. ಫಿಲ್ಮಿನ ತುದಿಯನ್ನು ಸ್ಪೂಲಿಗೆ ಟೇಪಿನಿಂದ ಅಂಟಿಸುವುದು ಬೆಳಕಿನಲ್ಲೇ ಆದ್ದರಿಂದ ಕೊನೆಯ ಒಂದೆರಡು ಫ್ರೇಮ್ ಯಾವಾಗಲೂ ಕಪ್ಪಾಗಿ ಬರುತ್ತವೆ. ಒಳ್ಳೆಯ ಚಿತ್ರವನ್ನು 36ನೆಯದಕ್ಕೆ ಉಳಿಸಿಕೊಳ್ಳಬೇಡಿ.