ಹಳೆಯ ಟೊಯೋಟಾ ಪಿಕಪ್‌ಗೆ ಎನ್‌ಜಿಕೆ ಬಿಪಿಆರ್5ಇವೈ ಸ್ಪಾರ್ಕ್ ಪ್ಲಗ್: ಆರು ತಿಂಗಳ ಬಳಕೆಯ ನಂತರ

ನನ್ನ ಬಳಿ ಇರುವುದು 1991ರ ಟೊಯೋಟಾ ಪಿಕಪ್. ಬೇರೆ ದೇಶಗಳಲ್ಲಿ ಹೈಲಕ್ಸ್ ಎನಿಸಿಕೊಂಡ ಈ ಗಾಡಿಗೆ ಆಗ ಇಲ್ಲಿ ಅಮೆರಿಕದಲ್ಲಿ ಬೇರೆ ಹೆಸರೇ ಇರಲಿಲ್ಲ, ಬರೀ ‘ಪಿಕಪ್’. 2.4 ಲೀಟರಿನ 22ಆರ್‌ಇ ಎಂಜಿನ್, ನಾಲ್ಕು ಸಿಲಿಂಡರ್, ಅವುಗಳೊಳಗಿನ ಇಂಧನಕ್ಕೆ ಕಿಡಿ ಹಚ್ಚಲು ನಾಲ್ಕೇ ಪ್ಲಗ್. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಗಾಡಿ ನಡುಗತೊಡಗಿದ್ದರಿಂದ, ಹಿಂದಿನ ಮಾಲೀಕರು ಎಂದು ಹಾಕಿಸಿದ್ದರೋ ತಿಳಿಯದ ಪ್ಲಗ್‌ಗಳನ್ನು ತೆಗೆದು ಎನ್‌ಜಿಕೆಯ ಬಿಪಿಆರ್5ಇವೈ ಪ್ಲಗ್‌ಗಳನ್ನು ಮನೆಯಂಗಳದಲ್ಲೇ ಕೂರಿಸಿದೆ. ನಾಲ್ಕಕ್ಕೂ ಸೇರಿ ಆದ ಖರ್ಚು ಇಲ್ಲಿನ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಗೆ ತೆರುವಷ್ಟೇ.

ಆ ಅಕ್ಷರಗಳ ಗೊಂಚಲನ್ನು ಓದಲು ಕಲಿತರೆ ಹಣವೂ ಉಳಿಯುತ್ತದೆ, ಎಂಜಿನ್ನೂ ಉಳಿಯುತ್ತದೆ. ‘ಬಿ’ ಎಂದರೆ 14 ಮಿ.ಮೀ. ಥ್ರೆಡ್, ‘ಪಿ’ ಎಂದರೆ ಮುಂಚಾಚಿದ ತುದಿ, ‘ಆರ್’ ಎಂದರೆ ರೇಡಿಯೊದಲ್ಲಿ ಗರಗರ ಸದ್ದು ಬಾರದಂತೆ ತಡೆಯುವ ರೆಸಿಸ್ಟರ್, 5 ಶಾಖದ ಶ್ರೇಣಿ (ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಹೊರಗೆ ಬಿಡುತ್ತದೆ ಎಂಬುದರ ಅಂಕಿ), ‘ಇ’ 19 ಮಿ.ಮೀ. ಉದ್ದದ ಥ್ರೆಡ್, ‘ವೈ’ ನಡುವಿನ ಎಲೆಕ್ಟ್ರೋಡಿನ, ಅಂದರೆ ಕಿಡಿ ಹಾರಿಸುವ ಕಡ್ಡಿಯ, ತುದಿಯಲ್ಲಿ ಕೊರೆದ ವಿ ಆಕಾರದ ಗೀರು. ನಾನು ಹೋದ ಬಿಡಿಭಾಗದ ಅಂಗಡಿಯವರು ಮೊದಲು ಕೊಟ್ಟದ್ದು ಕೊನೆಯಲ್ಲಿ ‘-11’ ಎಂಬ ಬಾಲವಿದ್ದ ಪೆಟ್ಟಿಗೆಗಳನ್ನು. ಆ ಬಾಲದ ಅರ್ಥ ಗ್ಯಾಪ್, ಅಂದರೆ ಆ ಕಡ್ಡಿಗೂ ಹೊರಗಿನ ಕೊಕ್ಕೆಗೂ ನಡುವೆ ಕಿಡಿ ಹಾರುವ ಸಂದು, 1.1 ಮಿ.ಮೀ. ಎಂದು, ಈ ಎಂಜಿನ್ನಿಗೆ ಬೇಕಾದದ್ದು 0.8. ಮನೆಗೆ ಬಂದು ಗೇಜ್ ಇಟ್ಟು ನೋಡಿದಾಗಲೇ ಇದು ತಿಳಿದು, ಮತ್ತೊಮ್ಮೆ ಅಂಗಡಿಗೆ ಹೋಗಿ ಬದಲಿಸಿಕೊಂಡು ಬರಬೇಕಾಯಿತು. ಬದಲಾಗಿ ಬಂದ ನಾಲ್ಕನ್ನೂ ಅಳೆದೆ: ಮೂರು ಸರಿಯಾಗಿ 0.8ಕ್ಕೆ ಇದ್ದವು, ಒಂದು ಕೂದಲೆಳೆಯಷ್ಟು ಬಿಗಿಯಾಗಿತ್ತು, ಹೊರಗಿನ ಕೊಕ್ಕೆಯನ್ನಷ್ಟೇ ಮೆಲ್ಲನೆ ಎತ್ತಿ ಸರಿಪಡಿಸಿದೆ.

ಹಾಕುವ ಕೆಲಸದಲ್ಲಿ ಭಯಪಡಬೇಕಾದದ್ದು ಒಂದೇ. ಈ ಎಂಜಿನ್ನಿನ ಬ್ಲಾಕ್ ಕಬ್ಬಿಣದ್ದಾದರೂ, ಪ್ಲಗ್‌ಗಳು ಕೂರುವ ಮೇಲಿನ ಭಾಗವಾದ ಹೆಡ್ ಮೆತ್ತನೆಯ ಅಲ್ಯೂಮಿನಿಯಂ. ಅದರ ಥ್ರೆಡ್ ಒಮ್ಮೆ ಕಿತ್ತುಹೋದರೆ ದೋಸೆಯ ಲೆಕ್ಕ ಅಲ್ಲಿಗೆ ಮುಗಿಯಿತು. ಆದ್ದರಿಂದ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ವೈರನ್ನು ಹಿಡಿದೆಳೆಯದೆ ರಬ್ಬರ್ ಟೋಪಿಯನ್ನೇ ಹಿಡಿದು ತಿರುಚಿ ಬಿಡಿಸಿ, ಪ್ಲಗ್ಗಿನ ಸುತ್ತ ಕೂತ ದೂಳನ್ನು ಗಾಳಿಯಿಂದ ಊದಿ, ಆಮೇಲೆ ಸಾಕೆಟ್ ಹಾಕಿದೆ. ಹೊಸದನ್ನು ಒಂದು ಗೇಣು ರಬ್ಬರ್ ಕೊಳವೆಯ ತುದಿಗೆ ಸಿಕ್ಕಿಸಿ ಬೆರಳಿನಿಂದಲೇ ತಿರುಗಿಸಿದರೆ, ಥ್ರೆಡ್ ಅಡ್ಡ ಹತ್ತಿದಾಗ ಕೊಳವೆ ಜಾರಿ ಎಚ್ಚರಿಸುತ್ತದೆ. ರಾಟ್ಚೆಟ್‌ಗೆ ಆ ಸೂಕ್ಷ್ಮವಿಲ್ಲ. ಕೊನೆಯ ಬಿಗಿತ 18 ನ್ಯೂಟನ್ ಮೀಟರ್. ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದವರು ವಾಷರ್ ತಗುಲಿದ ಮೇಲೆ ಅರ್ಧದಿಂದ ಮೂರನೇ ಎರಡು ಸುತ್ತು ತಿರುಗಿಸಿ ನಿಲ್ಲಿಸಬಹುದು. ವೈರ್‌ಗಳು ಅದಲುಬದಲಾಗದಂತೆ ಒಂದು ಪ್ಲಗ್ ಮುಗಿಸಿಯೇ ಇನ್ನೊಂದಕ್ಕೆ ಹೋಗುವುದು ಕ್ಷೇಮ.

ತೆಗೆದ ಪ್ಲಗ್‌ಗಳಲ್ಲಿ ಮೂರು ತಿಳಿ ಕಂದು ಬಣ್ಣದವು, ಎಲೆಕ್ಟ್ರೋಡಿನ ಅಂಚು ಸವೆದು ದುಂಡಗಾಗಿ ಗ್ಯಾಪ್ 1.2 ಮಿ.ಮೀ. ದಾಟಿತ್ತು. ಮೂರನೆಯ ಸಿಲಿಂಡರಿನದು ಮಾತ್ರ ಎಣ್ಣೆ ಹಿಡಿದು ಕಾಡಿಗೆಯಂತೆ ಕಪ್ಪಾಗಿತ್ತು.

ಹೊಸ ಪ್ಲಗ್‌ಗಳು ಕೂತ ದಿನವೇ ನಡುಕ ನಿಂತಿತು, ಚಳಿಯ ಬೆಳಗಿನಲ್ಲೂ ಕೀಲಿಯ ಮೊದಲ ತಿರುವಿಗೇ ಗಾಡಿ ಸ್ಟಾರ್ಟ್ ಆಗುತ್ತದೆ. ಮೈಲೇಜ್ ಹೆಚ್ಚಿತೆಂದು ಹೇಳಲಾರೆ. ನಿಕ್ಕಲ್ ತುದಿಯಾದ್ದರಿಂದ 30,000 ಮೈಲಿಗೆ ಮತ್ತೆ ಬದಲಿಸಬೇಕು. ಇರಿಡಿಯಂ ತುದಿಯ ಪ್ಲಗ್ ಇದಕ್ಕಿಂತ ಬಹಳ ಹೆಚ್ಚು ಬಾಳುತ್ತದೆ. ಆದರೆ ಬಾನೆಟ್ ಎತ್ತಿದರೆ ಕೈಗೆ ಸಿಗುವ ನಾಲ್ಕು ಪ್ಲಗ್‌ಗಳಿಗೆ, ಅದೂ ಎಣ್ಣೆ ಕುಡಿಯುವ ಮುದಿ ಎಂಜಿನ್ನಿನಲ್ಲಿ, ಆ ಬೆಲೆ ತೆರುವುದು ನನಗೆ ಒಪ್ಪಿಗೆಯಿಲ್ಲ. ಕಳೆದ ವಾರ ಮೂರನೆಯದನ್ನು ಬಿಚ್ಚಿ ನೋಡಿದೆ. ಆಗಲೇ ಬುಡದಲ್ಲಿ ಜಿಡ್ಡು ಕಾಣಿಸಿದೆ. ಅದು ಪ್ಲಗ್ಗಿನ ತಪ್ಪಲ್ಲ, ಎಣ್ಣೆ ಸಿಲಿಂಡರಿನೊಳಗೆ ಇಳಿಯದಂತೆ ತಡೆಯುವ ವಾಲ್ವ್ ಸೀಲಿನದು ಎಂದು ನನ್ನ ಅನುಮಾನ. ಆ ಸಿಲಿಂಡರಿಗೆಂದು ಇದೇ ಪ್ಲಗ್ ಇನ್ನೊಂದನ್ನು ತಂದು ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಇಟ್ಟುಕೊಂಡಿದ್ದೇನೆ.