ಹಳೇ ಜೀಪಿಗೆ 'ಫುಲ್ ಇಂಜಿನ್ ಕೆಲಸ' ಗುತ್ತಿಗೆ ಕೊಡೋರು ಇದೊಂದು ಓದಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಈಗ ಹಳೇ ಮಹೀಂದ್ರಾ ಎಂಎಂ540 ಜೀಪ್ ಹುಡುಕಿ ತಂದು ರೆಡಿ ಮಾಡೋ ಹುಚ್ಚು ಜೋರಾಗಿದೆ, ತೋಟಕ್ಕೂ ಆಯ್ತು ಆಫ್‌ರೋಡಿಗೂ ಆಯ್ತು ಅಂತ. ಒಳ್ಳೇದೇ. ಆದ್ರೆ ಇಂಜಿನ್ ಬಿಚ್ಚಿಸೋ ವಿಷ್ಯದಲ್ಲಿ ನಂಗೆ ಆದದ್ದು ಇನ್ನೊಬ್ರಿಗೆ ಆಗೋದು ಬೇಡ ಅಂತ ಬರೀತಿದ್ದೇನೆ, ಸ್ವಲ್ಪ ಉದ್ದ ಆಗ್ತದೆ. ಗ್ಯಾರೇಜ್ ಹೆಸರು ಕೇಳ್ಬೇಡಿ, ಹೇಳೋದಿಲ್ಲ. ಈ ತರ ಕೆಲಸ ಮಾಡೋರು ಅವ್ರೊಬ್ರೇ ಅಲ್ಲ.

ನನ್ನದು ತೊಂಬತ್ತರ ದಶಕದ ಗಾಡಿ. ಒಳಗಿರೋದು ಪ್ಯೂಜೋ ಎಕ್ಸ್‌ಡಿಪಿ 4.90 ಡೀಸೆಲ್, ನಾಲ್ಕು ಸಿಲಿಂಡರ್, ಬೋರು (ಸಿಲಿಂಡರಿನ ಒಳ ಅಗಲ) 90 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡಾಡೋ ದೂರ) 83, ಒಟ್ಟು 2112 ಸಿಸಿ. ಗಟ್ಟಿ ಇಂಜಿನ್, ಸರಿಯಾಗಿ ಕಟ್ಟಿದ್ರೆ ಮಕ್ಳ ಕಾಲಕ್ಕೂ ಓಡ್ತದೆ. ತಂದಾಗ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ನೀಲಿ ಹೊಗೆ, ಆಯಿಲ್ ಹಾಕೋ ಮುಚ್ಚಳ ತೆಗೆದ್ರೆ ಬುಸುಬುಸು ಅಂತ ಬ್ಯಾಕ್ ಕಂಪ್ರೆಶನ್. ನೀಲಿ ಹೊಗೆ ಅಂದ್ರೆ ಆಯಿಲ್ ಉರೀತಾ ಇದೆ, ಬ್ಯಾಕ್ ಕಂಪ್ರೆಶನ್ ಅಂದ್ರೆ ಪಿಸ್ಟನ್ ಸುತ್ತ ಇರೋ ರಿಂಗ್ ದಾಟಿ ಗ್ಯಾಸ್ ಕೆಳಗೆ ಇಳೀತಾ ಇದೆ, ಎರಡೂ ಸೇರಿದ್ಮೇಲೆ ಇಂಜಿನ್ ಬಿಚ್ಚದೇ ದಾರಿ ಇಲ್ಲ. ಗ್ಯಾರೇಜಿನವ್ರು ನೋಡಿ, "ಹೆಗಡೇರೆ, ನೀವು ತಲೆಬಿಸಿ ಮಾಡ್ಕಬೇಡಿ, ಬೋರು, ಪಿಸ್ಟನ್, ರಿಂಗು, ಬೇರಿಂಗು, ಕ್ರ್ಯಾಂಕ್ ಗ್ರೈಂಡಿಂಗು, ಹೆಡ್ ಕೆಲಸ ಎಲ್ಲಾ ಸೇರಿ ಇಷ್ಟು, ಕೀ ಕೊಟ್ಟು ಹೋಗಿ" ಅಂದ್ರು. ಒಂದೇ ಮೊತ್ತ, ಎಲ್ಲಾ ಒಳಗೆ.

ಗಾಡಿ ವಾಪಸ್ ತಗೊಳೋಕೆ ಹೋದಾಗ ಹಳೇ ಸಾಮಾನು ಎಲ್ಲಿ ಅಂತ ಕೇಳಿದ್ರೆ ಗುಜರಿಯವ ಒಯ್ದ ಅಂದ್ರು. ಬೋರು, ಕ್ರ್ಯಾಂಕ್ ಅಳತೆಗೆ ಕೊರೆದು ಕೊಡೋ ಲೇತಿನವ್ರ ಬಿಲ್ ಕೇಳಿದ್ರೆ "ಅವ್ರು ಬಿಲ್ ಗಿಲ್ ಕೊಡೋದಿಲ್ಲ ಮಾರಾಯ್ರೆ". ಕ್ರ್ಯಾಂಕ್ (ಪಿಸ್ಟನ್ನುಗಳ ಓಟಕ್ಕೆ ತಿರುಗೋ ದಂಡ) ಎಷ್ಟಕ್ಕೆ ಹೊಡ್ಸಿದ್ರಿ, ಹತ್ತು ಥೌವೋ (ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ) ಇಪ್ಪತ್ತೋ ಅಂದ್ರೆ "ಎಷ್ಟು ಬೇಕೋ ಅಷ್ಟೇ ಹೊಡ್ಸಿದ್ದು". ಈ ಮಾತು ಯಾವ ಗ್ಯಾರೇಜಲ್ಲಿ ಕೇಳಿದ್ರೂ ದುಡ್ಡು ಕೊಡೋ ಮುಂಚೆ ನಿಂತ್ಕೊಳಿ. ಕ್ರ್ಯಾಂಕ್ ಗ್ರೈಂಡ್ ಆಗಿದ್ರೆ ಅದಕ್ಕೊಂದು ಅಳತೆ ಇದ್ದೇ ಇರ್ತದೆ, 0.25 ಅಥವಾ 0.50 ಮಿಮೀ, ಕ್ರ್ಯಾಂಕ್ ಸುತ್ತ ಕೂರೋ ಬೇರಿಂಗ್ ಬರೋದೂ ಅದೇ ಸೈಜಲ್ಲಿ, ಬೇರಿಂಗ್ ಹಿಂದೆ ಸೈಜ್ ಹೊಡೆದಿರ್ತದೆ. ಗೊತ್ತಿಲ್ಲದೇ ಇರೋ ವಿಷ್ಯವೇ ಅಲ್ಲ ಅದು.

ಸೌಂಡ್ ಮಾತ್ರ ಸಕತ್ತಾಗಿತ್ತು, ಹೊಗೆ ಇಲ್ಲ, ಆಯಿಲ್ ಲೈಟ್ ಕೂಡ್ಲೇ ಆರ್ತಿತ್ತು. ಊರೊಳಗೆ, ತೋಟದ ರಸ್ತೆಯಲ್ಲಿ ಓಡಾಡೋವಾಗ ಏನೂ ತಕರಾರಿಲ್ಲ. ಕುಮಟಾದಿಂದ ವಾಪಸ್ ಬರ್ತಾ ದೇವಿಮನೆ ಘಟ್ಟ ಹತ್ತೋವಾಗ, ಅರ್ಧಕ್ಕೆ ಬಂದಿರ್ಬಹುದು, ಸೆಕೆಂಡ್ ಗೇರಲ್ಲಿ ಎಳೀತಾ ಇರೋವಾಗ ಅಡಿಯಿಂದ ಡಬ್ ಡಬ್ ಡಬ್ ಅಂತ ಶುರುವಾಯ್ತು. ಎಕ್ಸಲರೇಟರ್ ಬಿಟ್ರೆ ಇನ್ನೂ ಜೋರು.

ಇಲ್ಲಿಂದ ನಿಜವಾದ ದುಡ್ಡಿನ ಹೊಳೆ. ಅದೇ ಗ್ಯಾರೇಜಿಗೆ ತೋರ್ಸಿದ್ರೆ ನಾಝಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮೋದು) ಅಂದ್ರು. ನಾಝಲ್ ಸರ್ವಿಸ್ ಆಯ್ತು, ಶಬ್ದ ಹಾಗೇ ಇದೆ. ಆಮೇಲೆ ಡೀಸೆಲ್ ಪಂಪ್ ಟೈಮಿಂಗ್ ಅಂದ್ರು, ಪಂಪ್ ಇಳ್ಸಿ ಕ್ಯಾಲಿಬ್ರೇಷನ್ ಆಯ್ತು, ಶಬ್ದ ಸ್ವಲ್ಪ ಕಮ್ಮಿ ಆಯ್ತು! ಎರಡು ವಾರ ಖುಷಿಯಲ್ಲಿದ್ದೆ. ಯಾಕೆ ಕಮ್ಮಿ ಆಯ್ತು ಅಂತ ಆಮೇಲೆ ಗೊತ್ತಾಯ್ತು, ಪಂಪ್ ಕೆಲಸದ ಜೊತೆಗೇ ಆಯಿಲ್ ಬದಲಾಯ್ಸಿದ್ರು, 15ಡಬ್ಲ್ಯೂ-40 ಇದ್ದಲ್ಲಿ 20ಡಬ್ಲ್ಯೂ-50, ಅದರ ಮೇಲೆ ದಪ್ಪ ಮಾಡೋ ಡಬ್ಬಿ ಬೇರೆ. ದಪ್ಪ ಆಯಿಲ್ ಹಾಕಿದ್ರೆ ಸಡ್ಲ ಆದ ಬೇರಿಂಗಿನ ಬಡಿತ ಕೆಲವು ದಿನ ಅಡಗ್ತದೆ. ಹಳೇ ಗಾಡಿ ಮಾರೋರು ಮಾಡೋ ಕೆಲಸ ಇದು, ರಿಪೇರಿ ಮಾಡೋರು ಮಾಡೋದಲ್ಲ.

ಕೊನೆಗೆ ಕುಮಟಾದಲ್ಲಿ ವಯಸ್ಸಾದ ಮೇಸ್ತ್ರಿ ಒಬ್ರು ಒಂದು ಸ್ಪ್ಯಾನರ್ ಹಿಡ್ಕೊಂಡು ಹತ್ತು ನಿಮಿಷದಲ್ಲಿ ಹೇಳಿದ್ರು. ಇಂಜಿನ್ ಸ್ಲೋದಲ್ಲಿ (ಎಕ್ಸಲರೇಟರ್ ಒತ್ತದೇ) ಓಡ್ತಾ ಇರೋವಾಗ ಒಂದೊಂದೇ ನಾಝಲಿನ ಪೈಪ್ ನಟ್ಟು ಸಡ್ಲ ಮಾಡ್ತಾ ಹೋದ್ರು. ಆ ಸಿಲಿಂಡರಿಗೆ ಡೀಸೆಲ್ ಹೋಗೋದಿಲ್ಲ, ಅಲ್ಲಿ ಉರಿಯೋದೂ ಇಲ್ಲ, ಬೇರಿಂಗ್ ಮೇಲೆ ಹೊಡೆತವೂ ಬೀಳೋದಿಲ್ಲ. ಒಂದು, ಎರಡು, ಏನೂ ವ್ಯತ್ಯಾಸ ಇಲ್ಲ. ಮೂರನೇದು ಸಡ್ಲ ಮಾಡಿದ್ದೇ ಶಬ್ದ ಅಡಗಿ ಹೋಯ್ತು. (ನೀವೇ ಮಾಡೋಕೆ ಹೋದ್ರೆ ನಟ್ಟಿನ ಮೇಲೆ ದಪ್ಪ ಬಟ್ಟೆ ಸುತ್ತಿ, ಕೈ ದೂರ ಇಡಿ, ಆ ಪ್ರೆಶರಿಗೆ ಡೀಸೆಲ್ ಚರ್ಮದೊಳಗೆ ನುಗ್ತದೆ, ಆಮೇಲೆ ಆಸ್ಪತ್ರೆಯೇ ಗತಿ.) ಬರೀ ಇಷ್ಟಕ್ಕೇ ನಾಝಲ್ ಅಲ್ಲ ಅಂತ ಹೇಳೋಕೆ ಬರೋದಿಲ್ಲ, ನಾಝಲ್ ಕೆಟ್ಟಿದ್ರೂ ಹೀಗೇ ಅಡಗ್ತದೆ, ಅದಕ್ಕೆ ಅವ್ರು ಎರಡನೇ ಮತ್ತೆ ಮೂರನೇ ನಾಝಲ್ ಅದಲುಬದಲು ಮಾಡಿ ಮತ್ತೆ ನೋಡಿದ್ರು. ಶಬ್ದ ಮೂರರಲ್ಲೇ ಉಳೀತು. ಆಮೇಲೆ ಆಯಿಲ್ ಲೈಟಿನ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಮುಳ್ಳಿನ ಗೇಜ್ ಹಾಕಿದ್ರು. ತಣ್ಣಗಿರೋವಾಗ ಪ್ರೆಶರ್ ಚೆನ್ನಾಗೇ ತೋರ್ಸಿತು, ಬಿಸಿ ಆದ್ಮೇಲೆ ಸ್ಲೋದಲ್ಲಿ ಮುಳ್ಳು ಅರ್ಧ ಬಾರಿನ ಹತ್ರ ನಡುಗ್ತಾ ಇತ್ತು. ಲೈಟ್ ಮಾತ್ರ ಅಷ್ಟು ದಿನವೂ ಆರಿಯೇ ಇತ್ತು, ಯಾಕಂದ್ರೆ ಆ ಸ್ವಿಚ್ಚಿಗೆ ಅರ್ಧ ಬಾರಿನಷ್ಟು, ಅಂದ್ರೆ ಸುಮಾರು ಏಳು ಪಿಎಸ್‌ಐ, ಪ್ರೆಶರ್ ಇದ್ರೂ ಸಾಕು. ಹಳೇ ಮೇಸ್ತ್ರಿಗಳ ಲೆಕ್ಕ ಸಾವಿರ ಆರ್‌ಪಿಎಂಗೆ ಹತ್ತು ಪಿಎಸ್‌ಐ, ಬಿಸಿ ಇಂಜಿನ್ನಲ್ಲಿ. ಲೈಟ್ ನಂಬ್ಕೊಂಡು ಘಟ್ಟ ಹತ್ತಬೇಡಿ.

ಹುಬ್ಬಳ್ಳಿಗೆ ಟ್ರಕ್ಕಲ್ಲಿ ಹಾಕ್ಕೊಂಡು ಹೋದೆ. ಚೇಂಬರ್ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಇಳ್ಸಿದ್ದೇ ಅಲ್ಲಿಯ ಮೇಸ್ತ್ರಿ, "ಏನ್ರೀ ಇದು, ಯಾರ್ ಕಟ್ಟ್ಯಾರ್ರೀ ಇದನ್ನ?" ಅಂತ ಕರೆದು ತೋರ್ಸಿದ. ಆಯಿಲ್ ಎಳೆಯೋ ಪೈಪಿನ ತುದಿಯ ಜಾಲರಿ ತುಂಬ ಸಿಲಿಕಾನ್ ಪೇಸ್ಟು, ಶ್ಯಾವಿಗೆ ತರ ಎಳೆ ಎಳೆಯಾಗಿ ಸಿಕ್ಕಾಕ್ಕೊಂಡಿದೆ. ಚೇಂಬರಿಗೆ ಪ್ಯಾಕಿಂಗ್ ಕೂರ್ಸೋವಾಗ ಕೈಗೆ ಬಂದಷ್ಟು ಮೆತ್ತಿದ್ದಾರೆ, ಹೊರಗೆ ಬಂದದ್ದನ್ನ ಒರೆಸಿ ಚಂದ ಮಾಡಿದ್ದಾರೆ, ಒಳಗೆ ಉಬ್ಬಿದ್ದು ಬಿಸಿ ಆಯಿಲಲ್ಲಿ ಕಿತ್ಕೊಂಡು ಸೀದಾ ಜಾಲರಿಗೆ ಬಂದು ಕೂತಿದೆ. ಆಯಿಲ್ ಪಂಪು ಎಳೀಬೇಕು ಅಂದ್ರೂ ಆಯಿಲ್ ಎಲ್ಲಿಂದ ಬರ್ಬೇಕು? ಮೂರನೇ ರಾಡಿನ (ಪಿಸ್ಟನ್ನನ್ನ ಕ್ರ್ಯಾಂಕಿಗೆ ಸೇರ್ಸೋ ಕೋಲು) ಬೇರಿಂಗ್ ಕೈಯಲ್ಲಿ ಹಿಡಿದ್ರೆ ಮೇಲಿನ ಬೂದು ಪದರ ಪೂರ್ತಿ ಹೋಗಿ ತಾಮ್ರದ ಬಣ್ಣ ಕಾಣ್ತಿತ್ತು, ಅಂಚಲ್ಲಿ ಮಿನುಗೋ ಚೂರು, ಉಗುರಿಗೆ ತಾಗ್ತಿತ್ತು. ಹಿಂದೆ ತಿರುಗ್ಸಿ ನೋಡಿದ್ರೆ ಸೈಜ್: ಸ್ಟ್ಯಾಂಡರ್ಡ್. ಅಂದ್ರೆ ಕ್ರ್ಯಾಂಕ್ ಗ್ರೈಂಡ್ ಆಗಿಯೇ ಇಲ್ಲ. ಎಮರಿ ಪೇಪರ್ ಸುತ್ತಿ ಹಗ್ಗ ಎಳೆದು ಹೊಳಪು ಮಾಡಿದ್ದು ಅಷ್ಟೇ, ಗೀರು ಅಡ್ಡಡ್ಡಕ್ಕೆ ಹಾಗೇ ಕಾಣ್ತಿತ್ತು. ಮೈಕ್ರೋಮೀಟರ್ ಇಟ್ಟು ನೋಡಿದ್ರೆ ಜರ್ನಲ್ (ಕ್ರ್ಯಾಂಕಲ್ಲಿ ಬೇರಿಂಗ್ ಕೂರೋ ಜಾಗ) ದುಂಡಗೇ ಇಲ್ಲ, ಒಂದು ಕಡೆ ಒಂದು ಅಳತೆ, ತಿರುಗ್ಸಿದ್ರೆ ಇನ್ನೊಂದು. ಇಂಥ ಇಂಜಿನ್ನಲ್ಲಿ ಬೇರಿಂಗಿಗೂ ಕ್ರ್ಯಾಂಕಿಗೂ ಮಧ್ಯ ಇರ್ಬೇಕಾದ ಸಂದು 0.05 ಮಿಮೀ ಆಚೀಚೆ, ಇಲ್ಲಿ ಅದರ ದುಪ್ಪಟ್ಟಿಗಿಂತ ಜಾಸ್ತಿ. ಕ್ರ್ಯಾಂಕಿನ ಆಯಿಲ್ ತೂತಿಗೆ ತಂತಿ ಹಾಕಿ ಎಳೆದ್ರೆ ಎಮರಿಯ ಕಪ್ಪು ಪುಡಿ ಬಂತು. ಆ ಪುಡಿಯನ್ನ ಇಂಜಿನ್ ಅಷ್ಟು ದಿನ ಸ್ವಲ್ಪ ಸ್ವಲ್ಪವೇ ನುಂಗ್ತಾ ಇತ್ತು.

ಗ್ಯಾರೇಜಿಗೆ ಫೋಟೋ ತೋರ್ಸಿದೆ. "ನೀವು ಆಫ್‌ರೋಡ್ ಹೋಗಿ ಹಾಳು ಮಾಡ್ಕಂಡಿದ್ದು" ಅಂದ್ರು. ಬಿಲ್ ಇಲ್ಲ, ಅಳತೆ ಬರೆದ ಚೀಟಿ ಇಲ್ಲ, ಏನಂತ ವಾದ ಮಾಡೋದು. ಎರಡನೇ ಸಲದ ಕೆಲಸ ಮೊದಲನೇದಕ್ಕಿಂತ ದುಬಾರಿ ಬಿತ್ತು.

ಹಾಗಾಗಿ ಕೆಲಸ ಕೊಡೋರಿಗೆ ನಾನು ಹೇಳೋದು, ಗುತ್ತಿಗೆ ಕೊಟ್ರೂ ಪರವಾಗಿಲ್ಲ, ಆದ್ರೆ ಲೇತಿಗೆ ನೀವೇ ಹೋಗಿ. ಬ್ಲಾಕು, ಕ್ರ್ಯಾಂಕು ನಿಮ್ಮ ಹೆಸರಲ್ಲೇ ಕೊಟ್ಟು, ಬೋರಿನ ಅಳತೆ, ಕ್ರ್ಯಾಂಕಿನ ಅಳತೆ ಚೀಟಿ ಮೇಲೆ ಬರ್ಸ್ಕೊಂಡು ಬನ್ನಿ. ಬೇರಿಂಗ್ ಕೂರ್ಸೋ ದಿನ ಗ್ಯಾರೇಜಲ್ಲಿ ಇರಿ. ಪ್ಲಾಸ್ಟಿಗೇಜ್ ಅಂತ ಮೇಣದಂಥ ಮೆತ್ತಗಿನ ಪ್ಲಾಸ್ಟಿಕ್ ದಾರ ಸಿಗ್ತದೆ, ಅದನ್ನಿಟ್ಟು ಕ್ಯಾಪ್ ಟೈಟ್ ಮಾಡಿ ಬಿಚ್ಚಿದ್ರೆ ಎಷ್ಟು ಚಪ್ಪಟೆ ಆಯ್ತು ಅನ್ನೋದ್ರಲ್ಲೇ ಸಂದು ಗೊತ್ತಾಗ್ತದೆ. ಟಾರ್ಕ್ ವ್ರೆಂಚ್ (ಬೋಲ್ಟ್ ಎಷ್ಟು ಬಿಗಿ ಅಂತ ಅಳೆಯೋ ಸ್ಪ್ಯಾನರ್) ಇಲ್ಲದೇ "ನಂಗೆ ಕೈ ಅಂದಾಜಿದೆ" ಅನ್ನೋರ ಹತ್ರ ಬೇರೆ ಏನು ಬೇಕಾದ್ರೂ ಮಾಡ್ಸಿ, ರಾಡ್ ಬೋಲ್ಟ್ ಮಾತ್ರ ಬೇಡ. ಹಳೇ ಸಾಮಾನು ಗೋಣಿ ಚೀಲದಲ್ಲಿ ವಾಪಸ್ ಕೇಳಿ, ಕೊಡೋದಿಲ್ಲ ಅಂದ್ರೆ ಅರ್ಥ ಮಾಡ್ಕೊಳಿ.

ಇನ್ನೊಂದು, ಇಂಜಿನ್ ನಂಬರಿನ ಫೋಟೋ ಕೊಡೋ ದಿನವೇ ತೆಗೆದಿಡಿ. ನಂಗೆ ಮಧ್ಯದಲ್ಲಿ "ಬೇರೆ ಗಾಡಿ ಇಂಜಿನ್ ಒಂದಿದೆ, ಅದನ್ನೇ ಕೂರ್ಸಿ ಕೊಡ್ಲಾ" ಅಂತ ಆಫರ್ ಬೇರೆ ಬಂದಿತ್ತು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರೋದಕ್ಕೂ ಗಾಡಿಯಲ್ಲಿ ಇರೋದಕ್ಕೂ ತಾಳೆ ಆಗ್ಬೇಕು. ಕೆಎ-31 ಇರ್ಲಿ ಕೆಎ-30 ಇರ್ಲಿ, ಆರ್‌ಟಿಓದಲ್ಲಿ ಎಂಟ್ರಿ ಆಗದೇ ಇಂಜಿನ್ ಬದ್ಲಾದ್ರೆ ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸಿನವ್ರಿಗೆ ಒಳ್ಳೇ ನೆಪ ಸಿಗ್ತದೆ.

ಕಟ್ಟಿದ ಮೇಲೆ ದಿನವಿಡೀ ಸ್ಲೋದಲ್ಲಿ ಓಡಿಸಿ ಇಡಿ ಅನ್ನೋ ಸಲಹೆ ಈಗ್ಲೂ ಎಲ್ಲಾ ಕಡೆ ಕೊಡ್ತಾರೆ. ಡೀಸೆಲಿಗೆ ಅದು ತಪ್ಪು. ರಿಂಗನ್ನ ಬೋರಿಗೆ ಒತ್ತೋದು ಉರಿದ ಗ್ಯಾಸಿನ ಒತ್ತಡ, ಲೋಡ್ ಇಲ್ದಿದ್ರೆ ಒತ್ತಡ ಇಲ್ಲ, ಬೋರು ಕನ್ನಡಿ ತರ ನುಣ್ಣಗಾಗಿ ಮತ್ತೆ ಆಯಿಲ್ ಕುಡಿಯೋಕೆ ಶುರು. ಹದವಾದ ಲೋಡಲ್ಲಿ ಓಡ್ಸಿ, ಎಳೆದಾಡಿಸ್ಬೇಡಿ, ಅಷ್ಟೇ.

ಈಗಾಗ್ಲೇ ಇದೇ ತರ ಕೆಲಸ ಮಾಡ್ಸಿ ಗಾಡಿ ಮನೆಗೆ ತಂದಿರೋರು, ಘಟ್ಟ ಹತ್ತೋ ಮುಂಚೆ ಒಂದು ಸಲ ಚೇಂಬರ್ ಇಳ್ಸಿ ಜಾಲರಿ ನೋಡಿ. ಮುಂದಿನ ಆಕ್ಸಲ್ ಅಡ್ಡ ಬರ್ತದೆ, ಚಾಸಿಸಿಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲನ್ನ ಕೆಳಗೆ ಇಳಿಬಿಟ್ರೆ ಕೈ ಆಡೋಕೆ ಜಾಗ ಆಗ್ತದೆ. ಖರ್ಚು ಒಂದು ಪ್ಯಾಕಿಂಗು ಮತ್ತೆ ಆಯಿಲು. ಹಾಗೇ ಆಯಿಲ್ ಫಿಲ್ಟರನ್ನ ಕೊಯ್ದು ಒಳಗಿನ ಕಾಗದ ಬಿಸಿಲಿಗೆ ಹಿಡಿದು ನೋಡಿ. ಮಿನುಗೋ ಚೂರು ಕಂಡ್ರೆ ಗಾಡಿ ಅಲ್ಲೇ ನಿಲ್ಸಿ, ಶಬ್ದ ಬರ್ಲಿ ಅಂತ ಕಾಯ್ಬೇಡಿ.